ಬೆನ್ನಿಲ್ಲದ ಪುಸ್ತಕಗಳು

ಸೋದರಮಾವ ಬಸವನಗುಡಿಯ ಹಳೆಯ ಬಾಡಿಗೆ ಮನೆ ಬಿಟ್ಟು ಕನಕಪುರ ರಸ್ತೆಯ ಅಪಾರ್ಟ್‌ಮೆಂಟಿಗೆ ಹೊರಟಾಗ ಪುಸ್ತಕ ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊಸ ಮನೆಯಲ್ಲಿ ಪುಸ್ತಕಕ್ಕೆ ಒಂದೇ ಕಪಾಟು. "ದಪ್ಪ ಪುಸ್ತಕ ಇರಲಿ, ನೋಡುವುದಕ್ಕೆ ಲಕ್ಷಣವಾಗಿರುತ್ತದೆ. ಆ ಚೂರುಪಾರೆಲ್ಲ ಹಳೇ ಪೇಪರಿನವನಿಗೆ ಹಾಕಿಬಿಡು" ಎಂದರು ಅತ್ತೆ.

ಚೂರುಪಾರು ಎಂದರೆ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದ ತೆಳು ಪುಸ್ತಕಗಳು. ನಡುವೆ ಪಿನ್ ಹೊಡೆದ ಪುಸ್ತಕಕ್ಕೆ ಬೆನ್ನಿರುವುದಿಲ್ಲ. ಬೆನ್ನಿಲ್ಲದ ಮೇಲೆ ಹೆಸರು ಅಚ್ಚು ಹಾಕಲು ಜಾಗವೆಲ್ಲಿ? ಎರಡು ದಪ್ಪ ಸಂಪುಟಗಳ ನಡುವೆ ನಿಲ್ಲಿಸಿದರೆ ಮತ್ತೆ ಕೈಗೆ ಸಿಗುವುದಿಲ್ಲ. ಹಾಗಾಗಿ ಅವು ಕಪಾಟು ಹತ್ತಲೇ ಇಲ್ಲ.

ಪೆಟ್ಟಿಗೆ ಬಿಚ್ಚಿದ್ದೇ ತಡ, ವಿಂಗಡಣೆ ನಿಂತಿತು. ಮೇಲೆಯೇ ಇದ್ದವು ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಪುಸ್ತಿಕೆಗಳು. ಅಧ್ಯಾಪಕರು ಊರೂರಿಗೆ ಹೋಗಿ ಜನರ ಮುಂದೆ ಮಾಡಿದ ಭಾಷಣಗಳನ್ನು ಅಗ್ಗದ ಬೆಲೆಗೆ ಅಚ್ಚು ಹಾಕಿಸಿದ ಕಾಲದ ನೆನಪು ಅವು. ಎದುರಿಗೆ ಕೂತವರು ಎದ್ದು ಹೋಗಬಾರದೆಂಬ ಎಚ್ಚರ ಪ್ರತಿ ವಾಕ್ಯದಲ್ಲೂ ಇದೆ. ಅದರ ಕೆಳಗೆ ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆ, ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಐನೂರು ದಾಟಿದ ಅಂಗೈಯಗಲದ ಜೀವನಚರಿತ್ರೆಗಳು. ನಮ್ಮ ತಲೆಮಾರಿನ ಅನೇಕರು ಭಾಷಣ ಸ್ಪರ್ಧೆ ಗೆದ್ದದ್ದು ಇವುಗಳ ಬಲದಿಂದಲೇ. ಎಲ್ಲವೂ ರತ್ನವೆನ್ನಲಾರೆ. ಕೆಲವುಗಳಲ್ಲಿ ಹೊಗಳಿಕೆ ಹುಟ್ಟಿನಲ್ಲಿ ಶುರುವಾಗಿ ಸಾವಿನವರೆಗೂ ಉಸಿರು ತೆಗೆದುಕೊಳ್ಳುವುದಿಲ್ಲ.

ಮಾಸ್ತಿಯವರ 'ಸುಬ್ಬಣ್ಣ' ಸಿಕ್ಕಾಗ ನೆಲದ ಮೇಲೆಯೇ ಕೂತುಬಿಟ್ಟೆ. 1928ರಲ್ಲಿ ಬಂದ ನೀಳ್ಗತೆ. ಸಂಗೀತಗಾರನೊಬ್ಬನ ಇಡೀ ಬದುಕು, ದೇಶಾಂತರ, ಸಂಸಾರದ ಪೆಟ್ಟುಗಳು ಎಲ್ಲವೂ ಅಷ್ಟು ಪುಟ್ಟ ಪುಸ್ತಕದೊಳಗಿವೆ. ದುಃಖದ ಮಾತು ಬಂದಾಗ ಮಾಸ್ತಿ ದನಿ ಏರಿಸುವುದಿಲ್ಲ. ಹೇಳಿ ಮುಂದೆ ಸಾಗುತ್ತಾರೆ. ಅವರು ಬದುಕಿದ್ದುದು ಆ ಮನೆಗೆ ಸಮೀಪದ ಗವಿಪುರದಲ್ಲೇ. ಮುಗಿಸಿ ತಲೆಯೆತ್ತಿದಾಗ ಅತ್ತೆ ಕಾಫಿಯ ಲೋಟ ಪಕ್ಕದಲ್ಲಿಟ್ಟು ಹೋಗಿಯಾಗಿತ್ತು.

ಮಾವನ ಮಗ ಮೊಬೈಲಿನಲ್ಲಿ ಹುಡುಕಿ ತೀರ್ಪು ಕೊಟ್ಟ: 1964ರ ಯುನೆಸ್ಕೋ ಶಿಫಾರಸಿನಂತೆ ರಕ್ಷಾಪುಟ ಬಿಟ್ಟು ಕನಿಷ್ಠ 49 ಪುಟಗಳಿದ್ದರೆ ಮಾತ್ರ ಪುಸ್ತಕ, 48ರವರೆಗೆ ಬರೀ ಪುಸ್ತಿಕೆ. ಮುದ್ರಣದವರ ಲೆಕ್ಕದಲ್ಲಿ ಒಂದು ಫಾರಂ ಎಂದರೆ 16 ಪುಟ. ಮೂರು ಫಾರಂಗೆ ಸರಿಯಾಗಿ 48. ಒಂದೇ ಒಂದು ಪುಟದ ಕೊರತೆಯಿಂದ ಜಾತಿ ಕೆಟ್ಟವು ಈ ಪೆಟ್ಟಿಗೆಯಲ್ಲಿ ಬಹಳ ಇದ್ದವು!

ನಮ್ಮ ಸಾರ್ವಜನಿಕ ಗ್ರಂಥಾಲಯಗಳ ಸಗಟು ಖರೀದಿಯಲ್ಲೂ ಬೆಲೆ ನಿಗದಿಯಾಗುವುದು ಪುಟದ ಲೆಕ್ಕದಲ್ಲಿ. ಅರವತ್ತು ಪುಟಕ್ಕೆ ಇಳಿಸಲು ಲೇಖಕ ತಿಣುಕಿದಷ್ಟೂ ಪ್ರಕಾಶಕನಿಗೆ ನಷ್ಟ. ಮುನ್ನುಡಿ, ಅಭಿನಂದನೆ, ದೊಡ್ಡ ಅಕ್ಷರ ಎಲ್ಲ ಸೇರಿ ಪುಸ್ತಕಗಳು ಊದಿಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ?

ಸಂಜೆ ಮಾವ ಬಂದಾಗ ಪೆಟ್ಟಿಗೆಗಳು ಹಾಗೆಯೇ ಇದ್ದವು. "ಏನಯ್ಯಾ, ಏನೂ ಆಗಿಲ್ಲವಲ್ಲ?" ಎಂದರು.

"ಮಾವ, ಇವನ್ನು ಕೊಡಬೇಡಿ" ಎಂದೆ.

ಉತ್ತರ ಅತ್ತೆಯಿಂದ ಬಂತು: "ಹಾಗಾದರೆ ಆ ದಪ್ಪದವುಗಳಲ್ಲಿ ನಿಮ್ಮ ಮಾವ ಪೂರ್ತಿ ಓದಿದ್ದು ಯಾವುದು, ಕೇಳು."

ಮಾವ ಕನ್ನಡಕ ಒರೆಸಿಕೊಳ್ಳತೊಡಗಿದರು. ಮರುದಿನ ಹಳೇ ಪೇಪರಿನವನ ತಕ್ಕಡಿ ಹತ್ತಿದ್ದು ಕಂತಿನಲ್ಲಿ ಕೊಂಡಿದ್ದ ಇಂಗ್ಲಿಷ್ ವಿಶ್ವಕೋಶದ ಸಂಪುಟಗಳು. ತೂಕ ಚೆನ್ನಾಗಿಯೇ ಬಂತು.