ಹಿರಿಯರ ಬಡಾವಣೆಗೆ ಬಿಲ್ಡರ್ ಬಂದಾಗ

16 ನವೆಂಬರ್ 2025, ಭಾನುವಾರ
ಮಡಿಕೇರಿ

ಮಳೆ ಬಿಟ್ಟಿದೆ, ತೋಟಗಳಲ್ಲಿ ಅರೇಬಿಕಾ ಕುಯ್ಲಿನ ಸಮಯ. ಜಾಗದ ದಲ್ಲಾಳಿಗಳ ಓಡಾಟಕ್ಕೂ ಇದೇ ಕಾಲ. ಈಗ ಅಗ್ರಿಮೆಂಟ್ ಆದರೆ ಸಂಕ್ರಾಂತಿ ಹೊತ್ತಿಗೆ ಹಳೆ ಮನೆ ಕೆಡವಿ, ಜೂನ್ ಮಳೆಗೆ ಮೊದಲು ಮಣ್ಣಿನ ಕೆಲಸ ಮುಗಿಸಬಹುದು ಎಂಬ ಲೆಕ್ಕ ಅವರದು. ಮಿಲಿಟರಿ, ಬ್ಯಾಂಕು, ಶಾಲೆ, ಕಾಫಿ ಬೋರ್ಡು ಅಂತ ನೌಕರಿ ಮುಗಿಸಿ ಬಂದವರು ಎಂಬತ್ತು-ತೊಂಬತ್ತರ ದಶಕದಲ್ಲಿ ಕಟ್ಟಿಕೊಂಡ ಬಡಾವಣೆಗಳು ಮಡಿಕೇರಿಯಲ್ಲೂ ಇವೆ, ವಿರಾಜಪೇಟೆ, ಕುಶಾಲನಗರದಲ್ಲೂ ಇವೆ. ಹಂಚಿನ ಮಾಡು, ಮುಂದೊಂದು ಜಗಲಿ, ಒಳಗೆ ಎಪ್ಪತ್ತು ದಾಟಿದ ಒಬ್ಬರೋ ಇಬ್ಬರೋ. ಮಕ್ಕಳು ಬೆಂಗಳೂರಿನಲ್ಲಿ ಇಲ್ಲವೇ ವಿದೇಶದಲ್ಲಿ. ಇಂಥ ಕಡೆ ಒಬ್ಬನೇ ಬಿಲ್ಡರ್ ಒಂದಾದ ಮೇಲೊಂದು ಮನೆ ಕೊಳ್ಳತೊಡಗಿದಾಗ ಏನೇನು ನೋಡಿಕೊಳ್ಳಬೇಕು ಎಂಬುದನ್ನು ಇವತ್ತು ಬರೆದಿಡುತ್ತಿದ್ದೇನೆ. ಮಾರುವುದು ಬಿಡುವುದು ಮನೆಯವರ ಇಷ್ಟ. ಆದರೆ ಹಿರಿಯರು ಬೆಲೆಯಲ್ಲಿ ಕಳೆದುಕೊಳ್ಳುವುದಕ್ಕಿಂತ ಹೆಚ್ಚನ್ನು ಅಗ್ರಿಮೆಂಟ್ ಕಾಗದದಲ್ಲಿ ಕಳೆದುಕೊಳ್ಳುತ್ತಾರೆ. ಅದನ್ನು ತಡೆಯಬಹುದು.

ಬಿಲ್ಡರ್ ಮೊದಲು ಕಣ್ಣು ಹಾಕುವುದು ಎರಡು ಕಡೆ ರಸ್ತೆ ಇರುವ ಮೂಲೆ ಸೈಟಿಗೆ. ಎಷ್ಟು ಕಟ್ಟಬಹುದು ಎಂಬುದು ಸೈಟಿನ ಅಳತೆ ಮತ್ತು ಎದುರಿನ ರಸ್ತೆಯ ಅಗಲದ ಮೇಲೆ ನಿಂತಿದೆ. ಆಮೇಲೆ ಬೀಗ ಹಾಕಿದ ಮನೆಗಳು, ಕೊನೆಗೆ ನಡುವಿನವು. 40×60ರ ನಾಲ್ಕು ಸೈಟು ಸೇರಿದರೆ 9,600 ಚದರ ಅಡಿ, ಅಂದರೆ ಸುಮಾರು 892 ಚದರ ಮೀಟರ್. ಜಾಗ 500 ಚದರ ಮೀಟರ್ ದಾಟಿ, ಮನೆಗಳು ಎಂಟಕ್ಕಿಂತ ಹೆಚ್ಚಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ. ಸೈಟುಗಳನ್ನು ಒಂದಾಗಿಸಲು ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು, ನಡುವೆ ಒಂದು ಮನೆ ಮಾರದೆ ಉಳಿದರೆ ನಕ್ಷೆಯೇ ಮುರಿಯುತ್ತದೆ. ಹಾಗಾಗಿ ನಡುವಿನ ಮನೆಯವರ ಕೈಯಲ್ಲಿ ಚೌಕಾಸಿಯ ಬಲ ಹೆಚ್ಚು, ಒತ್ತಡ ಬೀಳುವುದೂ ಅವರ ಮೇಲೇ. ಕೊಂಡ ಮನೆಯ ಹಂಚು ಇಳಿಸಿ ಹಾಗೇ ಬಿಡುವುದು, ಅಂಗಳದಲ್ಲಿ ಜಲ್ಲಿ ಸುರಿಯುವುದು, ಕೆಲಸದವರ ಶೆಡ್ ಹಾಕುವುದು ಎಲ್ಲ ಆಗುತ್ತದೆ. "ಪಕ್ಕದವರೆಲ್ಲ ಆಗಲೇ ಕೊಟ್ಟಾಯ್ತು ಅಂಕಲ್, ನೀವೊಬ್ಬರೇ ಉಳಿದಿರೋದು" ಎಂಬ ಮಾತನ್ನು ದಲ್ಲಾಳಿ ಎಲ್ಲ ಮನೆಯಲ್ಲೂ ಹೇಳುತ್ತಾನೆ. ನಂಬುವ ಮೊದಲು ಪಕ್ಕದ ಆಸ್ತಿಯ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಯಾರ ಆಸ್ತಿಯ ಇಸಿಗೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಕ್ರಯವಾಗಿದ್ದರೆ ಅದರಲ್ಲಿ ಕಾಣುತ್ತದೆ. ನೋಂದಣಿಯಾಗದ ಅಗ್ರಿಮೆಂಟ್ ಮಾತ್ರ ಕಾಣುವುದಿಲ್ಲ, ಅದಕ್ಕೆ ಆ ಮನೆಯವರನ್ನೇ ಕೇಳಬೇಕು.

ಈಗ ಅಗ್ರಿಮೆಂಟ್ ವಿಷಯ. ಬಿಲ್ಡರ್ ಕಡೆಯ ವಕೀಲರು ತರುವ ಕರಡಿನಲ್ಲಿ ಖರೀದಿದಾರನ ಹೆಸರಿನ ಮುಂದೆ "ಅಥವಾ ಅವರು ಸೂಚಿಸಿದವರು" ಎಂಬ ಮಾತು ಇರುತ್ತದೆ. ಅದು ಉಳಿದರೆ ಅವನು ನಿಮ್ಮ ಮನೆಯನ್ನು ಇನ್ನೊಬ್ಬರಿಗೆ ಹೆಚ್ಚಿನ ಬೆಲೆಗೆ ಕುದುರಿಸಿ, ಕ್ರಯಪತ್ರವನ್ನು ನೇರ ಅವರ ಹೆಸರಿಗೆ ಮಾಡಿಸಬಹುದು. ತನ್ನ ಕೈಯಿಂದ ಅಡ್ವಾನ್ಸ್ ಬಿಟ್ಟು ಏನೂ ಹಾಕಬೇಕಾಗಿಲ್ಲ. ಹೊಡೆದು ಹಾಕಿಸಿ. ಎರಡನೆಯದು ಅವಧಿ. "ಎಲ್ಲ ದಾಖಲೆಗಳು ಸರಿಯಾದ ದಿನದಿಂದ ಹನ್ನೊಂದು ತಿಂಗಳು" ಎಂದು ಬರೆದರೆ ಆ ಹನ್ನೊಂದು ತಿಂಗಳು ಶುರುವಾಗುವುದೇ ಇಲ್ಲ, ಯಾವುದೋ ಒಂದು ಕಾಗದ ಸರಿಯಿಲ್ಲ ಎಂದು ಹೇಳುತ್ತಲೇ ಇರಬಹುದು. ಅವಧಿಯನ್ನು ದಿನಾಂಕ ಹಾಕಿ ಮುಗಿಸಬೇಕು. ದಾಖಲೆ ಮೊದಲೇ ಜೋಡಿಸಿಟ್ಟಿದ್ದರೆ 90 ದಿನ ಧಾರಾಳ ಸಾಕು. ಅಡ್ವಾನ್ಸ್ ಕನಿಷ್ಠ ಶೇ. 10 ಇರಲಿ. ಒಂದು ಕೋಟಿಯ ಮನೆಗೆ ಎರಡು ಲಕ್ಷ ಕೊಟ್ಟು ಎರಡು ವರ್ಷ ಕಟ್ಟಿಹಾಕುವುದು ವ್ಯಾಪಾರ ಅಲ್ಲ, ಒತ್ತೆ ಇಟ್ಟುಕೊಂಡ ಹಾಗೆ.

ಇಷ್ಟ ಇಲ್ಲದಿದ್ದರೆ ಅಡ್ವಾನ್ಸ್ ವಾಪಸು ಕೊಟ್ಟು ಬಿಡಿಸಿಕೊಂಡರಾಯಿತು ಎಂದು ಬಹಳ ಜನ ತಿಳಿದಿದ್ದಾರೆ. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರ ತಿದ್ದುಪಡಿ ಆದ ಮೇಲೆ ಹಾಗಿಲ್ಲ. ಕೊಳ್ಳುವವನು ತಾನು ಹಣದೊಂದಿಗೆ ಸಿದ್ಧನಿದ್ದೆ ಎಂದು ತೋರಿಸಿದರೆ, ಕ್ರಯಪತ್ರ ಮಾಡಿಕೊಡಿ ಎಂದು ಕೋರ್ಟು ಆದೇಶಿಸುವ ಸಂಭವವೇ ಹೆಚ್ಚು. ದಾವೆ ಹೂಡಲು ಅವನಿಗೆ ಮೂರು ವರ್ಷ ಇದೆ, ದಾವೆ ಬಿದ್ದ ಮನೆಯನ್ನು ಬೇರೆ ಯಾರೂ ಕೊಳ್ಳಲು ಮುಂದೆ ಬರುವುದಿಲ್ಲ. ಎಂಬತ್ತರ ವಯಸ್ಸಿನಲ್ಲಿ ಮೂರು ವರ್ಷ ಅಂದರೆ ಏನೆಂದು ಬಿಲ್ಡರ್‌ಗೆ ಚೆನ್ನಾಗಿ ಗೊತ್ತು.

ಅಗ್ರಿಮೆಂಟ್ ಜೊತೆಗೇ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಕೇಳುತ್ತಾರೆ. "ನಿಮಗೆ ಆಫೀಸಿಗೆ ಓಡಾಡೋ ಕಷ್ಟ ಬೇಡ" ಎಂಬ ಕಾರಣ ಕೊಟ್ಟು. ಜಿಪಿಎಯಿಂದ ಮಾಲೀಕತ್ವ ಹಸ್ತಾಂತರ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಆದರೆ ಹಣ ಪಡೆದು ಬರೆದುಕೊಟ್ಟ ಜಿಪಿಎಯನ್ನು ರದ್ದು ಮಾಡಿಸುವುದು ಸುಲಭವಲ್ಲ, ಅದನ್ನು ಹಿಡಿದುಕೊಂಡು ಅವನು ಖಾತೆ, ನಕ್ಷೆ, ಕರೆಂಟು ಎಲ್ಲದಕ್ಕೂ ನಿಮ್ಮ ಹೆಸರಲ್ಲಿ ಸಹಿ ಹಾಕುತ್ತಾನೆ. ನಡೆಯಲಾಗದವರಿಗೆ ಬೇರೆ ದಾರಿ ಇದೆ. ಕಾಯಿಲೆಯಿಂದ ಅಥವಾ ವಯಸ್ಸಿನಿಂದ ಬರಲಾಗದವರ ಮನೆಗೇ ಸಬ್ ರಿಜಿಸ್ಟ್ರಾರ್ ಬಂದು ನೋಂದಣಿ ಮಾಡಲು ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ವೈದ್ಯರ ಪತ್ರದೊಂದಿಗೆ ಅರ್ಜಿ ಕೊಟ್ಟು, ಭೇಟಿಯ ಶುಲ್ಕ ಕಟ್ಟಬೇಕು. ಇದನ್ನು ದಲ್ಲಾಳಿ ಹೇಳುವುದಿಲ್ಲ. ಮೂಲ ದಾಖಲೆಗಳನ್ನೂ ಮೊದಲೇ ಕೊಡಬೇಡಿ. ನಕಲು ಸಾಕು, ಮೂಲವನ್ನು ವಕೀಲರ ಎದುರು ತೋರಿಸಿ ವಾಪಸು ತನ್ನಿ. "ಮಣ್ಣು ಪರೀಕ್ಷೆಗೆ" ಎಂದು ಬೀಗದ ಕೈ ಕೇಳಿದರೆ ಪರೀಕ್ಷೆಯ ದಿನ ನೀವೇ ಗೇಟು ತೆಗೆಯಿರಿ.

ಜಾಯಿಂಟ್ ಡೆವಲಪ್‌ಮೆಂಟ್ ಕುರಿತು ಒಂದೇ ಮಾತು. ಜಾಗ ಕೊಟ್ಟು ಎರಡು ಫ್ಲ್ಯಾಟು ಪಡೆಯುವುದು ಐವತ್ತರ ವಯಸ್ಸಿನವರಿಗೆ ಸರಿ. ಎಪ್ಪತ್ತೈದಾದವರು ನಾಲ್ಕು ವರ್ಷ ಬಾಡಿಗೆ ಮನೆಯಲ್ಲಿ ಕಾಯುವ ಕರಾರು ಮಾಡಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ದಾಖಲೆಗಳಲ್ಲಿ ಎಡವುವ ಜಾಗ ಹೆಚ್ಚಾಗಿ ಒಂದೇ: ಖಾತೆ ತೀರಿಹೋದ ಯಜಮಾನರ ಹೆಸರಲ್ಲೇ ಉಳಿದಿರುತ್ತದೆ. ವಿಲ್ ಇಲ್ಲದಿದ್ದರೆ ಹೆಂಡತಿ, ಎಲ್ಲ ಗಂಡುಮಕ್ಕಳು, ಎಲ್ಲ ಹೆಣ್ಣುಮಕ್ಕಳು, ಯಜಮಾನರ ತಾಯಿ ಬದುಕಿದ್ದರೆ ಅವರೂ ಸಹಿ ಹಾಕಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ತೆಗೆಸಿ, ಪೌತಿ ಖಾತೆ ಮಾಡಿಸಿ, ಪಟ್ಟಣದಲ್ಲಾದರೆ ನಗರಸಭೆ ಅಥವಾ ಪುರಸಭೆಯ ಇ-ಖಾತೆ, ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಮಾಡಿಸಿಕೊಳ್ಳಿ. ಇ-ಖಾತೆ ಇಲ್ಲದೆ ಈಗ ನೋಂದಣಿ ಮುಂದೆ ಹೋಗುವುದಿಲ್ಲ. ಇಸಿ ಆನ್‌ಲೈನಿನಲ್ಲಿ ಸಿಗುವುದು 2004ರಿಂದ ಈಚೆಗೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ಅರ್ಜಿ ಹಾಕಬೇಕು, ಎಂಬತ್ತರ ದಶಕದ ಗೃಹಸಾಲದ ಅಡಮಾನ ಕಾಣಿಸಿಕೊಳ್ಳುವುದು ಅಲ್ಲೇ. ವಿದೇಶದ ಮಗ ಕಳಿಸುವ ಪವರ್ ಆಫ್ ಅಟಾರ್ನಿಗೆ ಅಲ್ಲಿನ ನೋಟರಿ ಅಥವಾ ಭಾರತೀಯ ರಾಯಭಾರ ಕಚೇರಿಯ ಮುದ್ರೆ ಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪು ಕಟ್ಟಬೇಕು.

ಊರಂಚಿನ ಕೆಲವು ಮನೆಗಳು ಜಮ್ಮಾ ಬಾಣೆಯಲ್ಲಿ, ಅಂದರೆ ಕೊಡಗಿನ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮೀನಿನಲ್ಲಿವೆ. ಪಹಣಿಯಲ್ಲಿ ಎರಡು ಮೂರು ತಲೆಮಾರಿನ ಹಿಂದಿನ ಪಟ್ಟೇದಾರರ ಹೆಸರು ಹಾಗೇ ಇರುತ್ತದೆ, ಒಕ್ಕದ, ಅಂದರೆ ಅದೇ ಮನೆತನದ, ಉಳಿದವರ ಹಕ್ಕು ಅದರೊಳಗೆ ಸೇರಿರುತ್ತದೆ. ಅಲ್ಲಿ ಒಬ್ಬರ ಸಹಿಯ ಮೇಲೆ ಅಗ್ರಿಮೆಂಟ್ ಮಾಡಿಕೊಂಡರೆ ಮುಂದೆ ವ್ಯಾಜ್ಯ ತಪ್ಪಿದ್ದಲ್ಲ. ಮರದ ಹಕ್ಕು ರಿಡೀಮ್ಡ್ (ಸರ್ಕಾರಕ್ಕೆ ಹಣ ಕಟ್ಟಿ ಬಿಡಿಸಿಕೊಂಡದ್ದು) ಹೌದೋ ಅಲ್ಲವೋ ಎಂಬುದನ್ನೂ ನೋಡಿ. ಅಲ್ಲದಿದ್ದರೆ ಅಂಗಳದ ಬೀಟೆ ಮರಕ್ಕೆ ನೀವೂ ಬೆಲೆ ಕಟ್ಟಲಾಗದು, ಬಿಲ್ಡರೂ ಕಡಿಯಲಾಗದು.

ಮನೆಯನ್ನು ಆಗಲೇ ಮಕ್ಕಳ ಹೆಸರಿಗೆ ದಾನಪತ್ರ ಮಾಡಿ, ಅಪ್ಪ ಅಮ್ಮ ಅಲ್ಲೇ ಇರುವಾಗ ಮಕ್ಕಳು ಬಿಲ್ಡರ್ ಜೊತೆ ಮಾತಾಡಿ ಮುಗಿಸಿದ್ದೂ ಉಂಟು. ದಾನಪತ್ರದಲ್ಲಿ "ನೋಡಿಕೊಳ್ಳತಕ್ಕದ್ದು" ಎಂಬ ಷರತ್ತು ಇದ್ದು, ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್‌ನಂತೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ರದ್ದು ಕೋರಬಹುದು. ಇನ್ನು ಮೇಲೆ ದಾನಪತ್ರ ಬರೆಯುವವರು ಆ ಸಾಲನ್ನು ದಯವಿಟ್ಟು ಬಿಡಬೇಡಿ.

ಹಣದ ವಿಚಾರದಲ್ಲಿ ಮೊದಲ ಎಚ್ಚರಿಕೆ ನಗದಿನದು. ಆಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರ ಮೇಲೆ, ಕೊಟ್ಟವನ ಮೇಲಲ್ಲ. 40 ಲಕ್ಷ ನಗದಿಗೆ 40 ಲಕ್ಷ ದಂಡ. ಕ್ರಯದ ಮೊತ್ತ 50 ಲಕ್ಷ ಮುಟ್ಟಿದರೆ ಬಿಲ್ಡರ್ ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ಹಿರಿಯರ ಪ್ಯಾನ್ ಆಧಾರ್‌ಗೆ ಜೋಡಣೆಯಾಗಿರದಿದ್ದರೆ ಅದು ಶೇ. 20 ಆಗುತ್ತದೆ. ಜೋಡಣೆ ಆಗಿದೆಯೇ ಎಂದು ಅಗ್ರಿಮೆಂಟಿಗೆ ಮೊದಲೇ ನೋಡಿ. ವಾರಸುದಾರರಲ್ಲಿ ಅನಿವಾಸಿ ಮಗನೊಬ್ಬನಿದ್ದರೆ ಅವನ ಪಾಲಿಗೆ ಟಿಡಿಎಸ್ ನಿಯಮವೇ ಬೇರೆ, ದರವೂ ಬಹಳ ಹೆಚ್ಚು. ಕಡಿಮೆ ಮಾಡಿಸಲು ಇಲಾಖೆಯಿಂದ ಪ್ರಮಾಣಪತ್ರ ತರಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಬಂಡವಾಳ ಲಾಭದ ತೆರಿಗೆಗೆ ಎರಡು ಲೆಕ್ಕ ಇವೆ: ಹಣದುಬ್ಬರದ ಸೂಚ್ಯಂಕ ಇಲ್ಲದೆ ಶೇ. 12.5, ಸೂಚ್ಯಂಕದೊಂದಿಗೆ ಶೇ. 20. ಆಸ್ತಿ 23 ಜುಲೈ 2024ಕ್ಕೆ ಮೊದಲು ಬಂದಿದ್ದು, ಮಾರುವವರು ಇಲ್ಲಿಯ ನಿವಾಸಿಯಾಗಿದ್ದರೆ ಯಾವುದು ಕಡಿಮೆಯೋ ಅದು. 2001ಕ್ಕೂ ಹಿಂದಿನ ಮನೆಗೆ 1 ಏಪ್ರಿಲ್ 2001ರ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಮನೆ ಒಂದು ಕೋಟಿಗೆ ಹೋಯಿತು ಎಂದುಕೊಳ್ಳಿ. 2001ರ ಬೆಲೆ 6 ಲಕ್ಷವಾದರೆ ಮೊದಲ ಲೆಕ್ಕದಲ್ಲಿ ತೆರಿಗೆ 11.75 ಲಕ್ಷ. ಎರಡನೆಯದರಲ್ಲಿ 6 ಲಕ್ಷ 2025-26ರ 376ರ ಸೂಚ್ಯಂಕದಿಂದ 22.56 ಲಕ್ಷವಾಗಿ, ತೆರಿಗೆ ಸುಮಾರು 15.49 ಲಕ್ಷ. ಅದೇ 2001ರ ಬೆಲೆ 25 ಲಕ್ಷವಿದ್ದರೆ ಮೊದಲನೆಯದು 9.375 ಲಕ್ಷ, ಎರಡನೆಯದು ಬರೀ 1.2 ಲಕ್ಷ. ಸೆಸ್ ಬೇರೆ. ಅಂದರೆ ನೋಂದಾಯಿತ ಮೌಲ್ಯಮಾಪಕರಿಂದ 2001ರ ವರದಿ ತರಿಸುವುದು ದುಂದಲ್ಲ. ಮನೆ ನಿಂತಿರುವಾಗಲೇ ತರಿಸಿ, ಕೆಡವಿದ ಮೇಲೆ ಅವರು ಅಳೆಯುವುದು ಏನನ್ನು? ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಈ ತೆರಿಗೆಯಿಂದ ವಿನಾಯಿತಿ ಇದೆ. ಇಲ್ಲವಾದರೆ ಆರು ತಿಂಗಳೊಳಗೆ 50 ಲಕ್ಷದವರೆಗೆ ಈ ತೆರಿಗೆ ಉಳಿಸುವ ನಿಗದಿತ ಬಾಂಡು, ಐದು ವರ್ಷ ಮುಟ್ಟುವಂತಿಲ್ಲ.

ಮಾರದೆ ಉಳಿಯುವವರ ಕಷ್ಟ ಬೇರೆ, ಅದು ಇಳಿಜಾರಿನಲ್ಲಿದೆ. ಮಡಿಕೇರಿಯ ಸೈಟುಗಳು ಮೆಟ್ಟಿಲುಮೆಟ್ಟಿಲಾಗಿವೆ, ಎರಡು ಮನೆಗಳ ನಡುವೆ ಆರು ಎಂಟು ಅಡಿಯ ಕಲ್ಲಿನ ತಡೆಗೋಡೆ. ಗೋಡೆಯಲ್ಲಿ ಅಲ್ಲಲ್ಲಿ ಮೂರು ನಾಲ್ಕು ಇಂಚಿನ ಕಿಂಡಿಗಳಿರುತ್ತವೆ, ಹಿಂದಿನ ಮಣ್ಣಿನ ನೀರು ಹೊರಬರುವುದು ಅದರಿಂದ. ಕೆಳಗಿನ ಸೈಟಿನಲ್ಲಿ ಪಾರ್ಕಿಂಗ್‌ಗೆಂದು ಜೆಸಿಬಿಯಲ್ಲಿ ಬರೆಯನ್ನು, ಅಂದರೆ ಮಣ್ಣಿನ ದಿಣ್ಣೆಯ ಮಗ್ಗುಲನ್ನು, ನೆಟ್ಟಗೆ ಕೊಯ್ದರೆ ಗೋಡೆಯ ಬುಡ ಸಡಿಲ. ಗಿಲಾವು ಮಾಡುವಾಗ ಕಿಂಡಿ ಮುಚ್ಚಿದರೆ ನೀರು ಹಿಂದೆಯೇ ನಿಲ್ಲುತ್ತದೆ. ಜೂನ್ ಮಳೆಗೆ ಏನೂ ಆಗದೆ ಇರಬಹುದು. ಎರಡು ತಿಂಗಳು ಕುಡಿದು ಕುಡಿದು ಮಣ್ಣು ತುಂಬಿದ ಮೇಲೆ ಆಗಸ್ಟ್‌ನ ಒಂದು ಜೋರು ಮಳೆ ಸಾಕು. 2018, 2019, 2020 ಮೂರೂ ವರ್ಷ ಕೊಡಗಿನಲ್ಲಿ ದೊಡ್ಡ ಕುಸಿತಗಳಾದದ್ದು ಆಗಸ್ಟ್‌ನಲ್ಲೇ. ಜೋರು ಮಳೆಯಲ್ಲೂ ಕಿಂಡಿ ಒಣಗಿದ್ದರೆ ಅದು ಕಟ್ಟಿದೆ. ಕೆಂಪು ರಾಡಿ ನೀರು ಬರುತ್ತಿದ್ದರೆ ಹಿಂದಿನ ಮಣ್ಣು ಕೊಚ್ಚಿ ಹೋಗುತ್ತಿದೆ. ಗೋಡೆಯ ಹೊಟ್ಟೆ ಉಬ್ಬಿದರೆ, ಮೇಲಿನ ಅಂಗಳದಲ್ಲಿ ಗೋಡೆಗೆ ಸಮಾನಾಂತರವಾಗಿ ಬಿರುಕು ಕಂಡರೆ, ಆ ರಾತ್ರಿ ಆ ಕಡೆಯ ಕೋಣೆಯಲ್ಲಿ ಮಲಗಬೇಡಿ. ಬರೆಯನ್ನು ಉದ್ದಕ್ಕೂ ಒಂದೇ ಸಲ ಕೊಯ್ಯದೆ, ಮೂರು ಮೀಟರ್ ಅಗಲದ ತುಂಡುಗಳಾಗಿ ಬಿಟ್ಟು ಬಿಟ್ಟು ಕೊಯ್ದು, ಅಲ್ಲಿ ಗೋಡೆ ಎಬ್ಬಿಸಿದ ಮೇಲೆ ಪಕ್ಕದ ತುಂಡು ಮುಟ್ಟಬೇಕು. ಈ ಕ್ರಮವನ್ನು ಪರವಾನಗಿಯ ಷರತ್ತಾಗಿ ಹಾಕಿ ಎಂದು ಪೌರಾಯುಕ್ತರಿಗೆ ಈಗಲೇ ಬರೆದು ಸ್ವೀಕೃತಿ ಪಡೆಯಿರಿ. ಕೆಲಸ ಶುರುವಾದ ಮೇಲೆ ಕೊಟ್ಟ ಅರ್ಜಿ ಅಷ್ಟು ನಡೆಯುವುದಿಲ್ಲ.

ನೀರಿನ ಲೆಕ್ಕವನ್ನೂ ಅದೇ ಅರ್ಜಿಯಲ್ಲಿ ಸೇರಿಸಿ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ, ಇಬ್ಬಿಬ್ಬರಿರುವ ನಾಲ್ಕು ಹಳೆ ಮನೆಗಳದು 1,080 ಲೀಟರ್. ಅದೇ ಜಾಗದಲ್ಲಿ ನಾಲ್ಕು ನಾಲ್ಕು ಜನರ 24 ಫ್ಲ್ಯಾಟಾದರೆ 12,960 ಲೀಟರ್. ಒಳಚರಂಡಿ ಇಲ್ಲದ ಬಡಾವಣೆಯಲ್ಲಿ ಇದರ ಬಹುಪಾಲು ಇಂಗುಗುಂಡಿಗೆ ಹೋಗಿ, ಅದೇ ಇಳಿಜಾರಿನ ಮಣ್ಣಿಗೆ ಮಳೆಗಾಲದಲ್ಲೂ ಸೇರುತ್ತದೆ. ಕೊಳಚೆ ನೀರು ಶುದ್ಧೀಕರಣ ಘಟಕ ನಕ್ಷೆಯಲ್ಲಿ ಎಲ್ಲಿದೆ, ಅದರಿಂದ ಹೊರಬರುವ ನೀರು ಎಲ್ಲಿಗೆ ಎಂದು ಕೇಳಿ. ಮಾಹಿತಿ ಹಕ್ಕಿನಲ್ಲಿ ಮಂಜೂರಾದ ನಕ್ಷೆಯ ಪ್ರತಿ ಕೇಳಿ ಪಡೆಯಬಹುದು.

ಪಕ್ಕದ ಮನೆ ಕೆಡವುವ ಮೊದಲು ನಿಮ್ಮ ಮನೆಯ ಒಳಹೊರಗಿನ ಎಲ್ಲ ಗೋಡೆಗಳ, ತಡೆಗೋಡೆಯ, ಸಂಪಿನ ಫೋಟೋ ದಿನಾಂಕ ಸಮೇತ ತೆಗೆದಿಡಿ. ಈಗಾಗಲೇ ಇರುವ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡು ತುದಿಗೂ ಎಪಾಕ್ಸಿ ಹಚ್ಚಿ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಸೀಳಿದ ದಿನವೇ ಫೋಟೋ ತೆಗೆದು, ಕೆಲಸ ನಿಲ್ಲಿಸುವಂತೆ ನಗರಸಭೆಗೆ ಬರೆದು, ಪ್ರತಿಯನ್ನು ಬಿಲ್ಡರ್‌ಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.