ಒಂದು ಲಾರಿ, ನೂರು ಮಂದಿ ಮಾಲು
1976ರಾಗ ಗದಗದಾಗ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಶುರು ಮಾಡಿದ್ದು ಇವತ್ತಿನ ವಿಆರ್‌ಎಲ್ ಸಾಗಾಟ ಕಂಪನಿ. ಆಮೇಲೆ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು. 1983ಕ್ಕೆ ಪ್ರೈವೇಟ್ ಲಿಮಿಟೆಡ್, 2015ಕ್ಕೆ ಷೇರುಪೇಟೆ. ಎಲ್ಲಾರೂ ಲಾರಿ ಎಣಸ್ತಾರ. ನನಗೇನೋ ಪಾರ್ಸಲ್ ಪದ್ಧತಿನ ದೊಡ್ಡದು ಅನಸ್ತದ.

ಫುಲ್ ಲೋಡ್ ಅಂದ್ರ ಒಬ್ಬರ ಮಾಲು, ಒಂದು ಊರು, ಮುಗೀತು. ಪಾರ್ಸಲ್ ಹಂಗಲ್ಲ. ಬೆಳಗಾವಿ ಉದ್ಯಮಬಾಗದ ಎರಕದ ಸಾಮಾನು, ಇಳಕಲ್ ಸೀರೆ ಗಂಟು, ವಿಜಯಪುರದ ಒಣದ್ರಾಕ್ಷಿ ಬಾಕ್ಸ್ ಎಲ್ಲಾ ಒಂದ ಗಾಡಿಗೆ. ಎರಕ ತಳಕ್ಕ, ದ್ರಾಕ್ಷಿ ಮ್ಯಾಲ, ಎಣ್ಣಿ ಡಬ್ಬಿ ಸೀರೆಯಿಂದ ದೂರ. ಮೊದಲು ಇಳಿಯೋ ಊರಿನ ಮಾಲು ಕೊನೀಗೆ ಏರಬೇಕು, ಬಾಗಿಲ ಕಡೆ.

ಎಡವಟ್ಟಾಗೋದು ಬಹಳ ಮಾಡಿ ಹಬ್‌ನಾಗ, ಅಂದ್ರ ಮಾಲು ಇಳಿಸಿ ಬ್ಯಾರೆ ಗಾಡಿಗೆ ಏರಸೋ ಜಾಗಾದಾಗ. ಎಲ್‌ಆರ್‌ನಾಗ (ಲಾರಿ ರಸೀದಿ) 10 ನಗ (ಗಂಟು, ಬಾಕ್ಸಿನ ಲೆಕ್ಕ), ಕೈಗೆ ಬರೋದು 9. ಕಾರಣ ಇಷ್ಟ: ಮಾರ್ಕು ಒಂದ ಮಗ್ಗಲಿಗೆ ಹಾಕಿರ್ತಾರ, ಅದು ಗ್ವಾಡಿ ಕಡೆ ತಿರುಗಿರ್ತದ. ಎರಡು ಮಗ್ಗಲಿಗೆ ಊರು, ಎಲ್‌ಆರ್ ನಂಬರು ಬರೀರಿ. ಮಾಲು 50,000 ರೂಪಾಯಿ ದಾಟಿದ್ರ ಇ-ವೇ ಬಿಲ್ಲೂ (ಮಾಲು ಸಾಗಸಾಕ ಜಿಎಸ್‌ಟಿ ಆನ್‌ಲೈನ್ ಚೀಟಿ) ಬೇಕು; 200 ಕಿ.ಮೀ.ಗೆ ಒಂದು ದಿನದ ಅವಧಿ. ಗಾಡಿ ಬದಲಾದ್ರ ಹೊಸ ಗಾಡಿ ನಂಬರು ಆ ಬಿಲ್ಲಿನ ಭಾಗ ಬಿ-ದಾಗ ಏರಸಬೇಕು. ದಾರಿಯಾಗ ತಪಾಸಣೆ ಮಾಡೋರು ಅದನ್ನ ನೋಡ್ತಾರ.