ಈ ಹಸಿರು ಗೆರೆಯಲ್ಲಿ ಓಡಾಡೋದು ಯಾರು?

ಊರು ಬೆಳೆಯುವ ಕಡೆ ಪ್ರಾಣಿಗಳಿಗೆ ಕಾರಿಡಾರ್, ಅಂದರೆ ಓಡಾಡುವ ದಾರಿ, ಗುರುತಿಸಿ ಕೊಡುವುದು ನನ್ನ ಕೆಲಸ. ಎರಡು ಕಾಡಿನ ತುಣುಕುಗಳ ನಡುವೆ ನಕ್ಷೆಯಲ್ಲಿ ಹಸಿರು ಗೆರೆ ಎಳೆಯುವುದೇನೂ ಕಷ್ಟವಲ್ಲ. ಮೀಟಿಂಗ್‌ನಲ್ಲಿ ತೋರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ. ನಾನು ಮಾತ್ರ ಮೊದಲು ಕೇಳುವುದು, ಇದರಲ್ಲಿ ಓಡಾಡೋದು ಯಾರು? "ಎಲ್ಲ ಪ್ರಾಣಿಗಳೂ" ಅಂತ ಉತ್ತರ ಬಂದರೆ ಕೆಲಸ ಇನ್ನೂ ಶುರುವೇ ಆಗಿಲ್ಲ ಅಂದುಕೊಳ್ಳುತ್ತೇನೆ.

ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನವನ್ನೇ ನೋಡಿ. ಅಲ್ಲಿ ಹೆದ್ದಾರಿ ದಾಟಲು ಪ್ರಾಣಿಗಳಿಗೆಂದೇ 6 ಮೇಲ್ಸೇತುವೆ, 38 ಅಂಡರ್‌ಪಾಸ್ ಇವೆ. 1996ರಿಂದ ಅವುಗಳ ಮೇಲೆ ಕಣ್ಣಿಟ್ಟಿದ್ದಾರೆ. ಗ್ರಿಜ್ಲಿ ಕರಡಿ, ತೋಳ, ಜಿಂಕೆಗಳಿಗೆ ಅಗಲವಾದ, ಬಯಲಿನಂಥ ದಾರಿ ಇಷ್ಟ. ಕಪ್ಪು ಕರಡಿಗೂ ಕೂಗರ್ ಎಂಬ ದೊಡ್ಡ ಕಾಡುಬೆಕ್ಕಿಗೂ ಇಕ್ಕಟ್ಟಾದ, ಮಬ್ಬುಗತ್ತಲಿನ ದಾರಿಯೇ ವಾಸಿ. ಕರಡಿ ಕರಡಿಗೇ ಇಷ್ಟು ವ್ಯತ್ಯಾಸ! ಇನ್ನು ಕಪ್ಪೆಗೆ ತೇವದ ನೆಲ ಬೇಕು. ಎಷ್ಟೋ ಜಾತಿಯ ಬಾವಲಿಗಳು ಬೆಳಕು ಕಂಡರೆ ಆ ಕಡೆ ಸುಳಿಯುವುದಿಲ್ಲ. ಹಸಿರು ಪಟ್ಟಿಯಲ್ಲೇ ವಾಕಿಂಗ್ ಟ್ರ್ಯಾಕ್ ಮಾಡಿ ರಾತ್ರಿಯಿಡೀ ದೀಪ ಉರಿಸಿದರೆ ಅದು ಪಾರ್ಕ್, ಅಷ್ಟೇ. ಪಾರ್ಕ್ ಬೇಡ ಅಂತಲ್ಲ, ಅದನ್ನು ಕಾರಿಡಾರ್ ಲೆಕ್ಕಕ್ಕೆ ಸೇರಿಸಬೇಡಿ.

ನಕ್ಷೆಯಲ್ಲಿ ಈ ಗೆರೆ ಹುಡುಕಿಕೊಡುವ ಸಾಫ್ಟ್‌ವೇರ್‌ನ ಒಂದು ಗುಣ ಹೊಸಬರಿಗೆ ಗೊತ್ತಿರಬೇಕು. ಕಡಿಮೆ ಅಡೆತಡೆಯ ದಾರಿ ಹುಡುಕು ಅಂದರೆ ಅದು ಸಾಮಾನ್ಯವಾಗಿ ಏನಾದರೂ ಒಂದನ್ನು ಕೊಟ್ಟೇ ಕೊಡುತ್ತದೆ. ಇರುವುದರಲ್ಲಿ ಸುಲಭವಾದದ್ದು ಅಂದರೆ ಪ್ರಾಣಿ ನಡೆಯಬಲ್ಲ ದಾರಿ ಅಂತ ಅರ್ಥವಲ್ಲ. ಅದಕ್ಕೇ ನಾನು ಗೆರೆಯ ಅತಿ ಕಿರಿದಾದ ಜಾಗಕ್ಕೆ ಮೊದಲು ಹೋಗುತ್ತೇನೆ. ಸಾಮಾನ್ಯವಾಗಿ ಅಲ್ಲೊಂದು ರಸ್ತೆ, ಅದರ ಕೆಳಗೊಂದು ಮೋರಿ. ಮೋರಿಯ ತುಂಬ ನೀರು ನಿಂತಿದ್ದರೆ ಸಣ್ಣ ಪ್ರಾಣಿಗಳು ರಸ್ತೆಯ ಮೇಲೇ ಬರುತ್ತವೆ. ಒಳಗೆ ಗೋಡೆಯುದ್ದಕ್ಕೂ ನೀರಿಗಿಂತ ಮೇಲೆ ಒಣ ಕಟ್ಟೆ ಕಟ್ಟಿದರೆ ಎಷ್ಟೋ ಅನುಕೂಲ. ಪಕ್ಕದಲ್ಲಿ ಬೇಲಿಯೂ ಬೇಕು. ಪ್ರಾಣಿಯನ್ನು ಮೋರಿಯ ಬಾಯಿಗೆ ತಂದು ಬಿಡುವುದು ಅದೇ.

ಕಟ್ಟಿದ ಮೊದಲ ವರ್ಷವೇ "ಯಾರೂ ಬರ್ತಿಲ್ಲ, ಸುಮ್ನೆ ಖರ್ಚು" ಅನ್ನುವವರು ಇದ್ದೇ ಇರುತ್ತಾರೆ. ಬ್ಯಾನ್ಫ್‌ನಲ್ಲೂ ಕೆಲವು ಪ್ರಾಣಿಗಳು ಒಗ್ಗಿಕೊಳ್ಳಲು ವರ್ಷಗಳೇ ಹಿಡಿದವು. ಹಾಗಾಗಿ ಐದು ವರ್ಷದ ಕ್ಯಾಮೆರಾ ಖರ್ಚು, ಬೇಲಿ ರಿಪೇರಿ ಎರಡನ್ನೂ ಕಾಮಗಾರಿಯ ಅಂದಾಜಿನಲ್ಲೇ ಸೇರಿಸಿ ಬರೆಯುತ್ತೇನೆ. ದುಡ್ಡು ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಅವಕ್ಕೇ. ಅದಕ್ಕೇ ಅವನ್ನು ಬೇರೆ ಪುಟದಲ್ಲಿ ಹಾಕುವುದಿಲ್ಲ.